ಬರ್ತೀನಿ ಅನ್ನಬಾರದ ಊರು

ನಮ್ಮೂರಿನಲ್ಲಿ ಯಾರ ಮನೆಯಿಂದಲಾದರೂ ಎದ್ದು ಹೊರಡುವಾಗ "ಬರ್ತೀನಿ" ಅನ್ನಬಾರದು. ಅಂದರೆ ಬರಲೇಬೇಕಾಗುತ್ತದೆ. ಬೇರೆ ಊರುಗಳಲ್ಲಿ "ಹೋಗ್ತೀನಿ" ಅನ್ನುವುದು ಅಪಶಕುನವೆಂದು "ಬರ್ತೀನಿ" ಅನ್ನುತ್ತಾರಂತೆ, ಅಂದುಬಿಟ್ಟು ಆರು ತಿಂಗಳು ಆ ಕಡೆ ತಲೆ ಹಾಕುವುದಿಲ್ಲವಂತೆ. ಅಂಥ ಬಾಯುಪಚಾರ ನಮ್ಮಲ್ಲಿ ನಡೆಯುವುದಿಲ್ಲ. ಇಲ್ಲಿ "ನಾಳೆ ಬರ್ತೀನಿ" ಅಂದರೆ ನಾಳೆ ಹೊತ್ತು ಮುಳುಗುವುದರೊಳಗೆ, ಆ ಮಾತನ್ನು ಯಾರಿಗೆ ಹೇಳಿದ್ದೋ ಅವರ ಎದುರಿಗೆ, ಕಾಲು ತಾನಾಗಿ ಕರೆತಂದು ನಿಲ್ಲಿಸುತ್ತದೆ. ತಲೆಗೆ ಎಣ್ಣೆ ಹಚ್ಚಿಕೊಂಡಿದ್ದರೂ ಸರಿ, ಅರ್ಧ ಗಡ್ಡ ಕೆರೆಸಿಕೊಂಡಿದ್ದರೂ ಸರಿ. ಆದ್ದರಿಂದ ನಾವು ಹೊರಡುವಾಗ "ಸರಿ ಮತ್ತೆ" ಅನ್ನುತ್ತೇವೆ, ಚಪ್ಪಲಿ ಮೆಟ್ಟಿಕೊಳ್ಳುತ್ತೇವೆ. ಹೊರಗಿನವರು ಇವರಿಗೆ ಮರ್ಯಾದೆ ಗೊತ್ತಿಲ್ಲ ಅನ್ನುತ್ತಾರೆ. ಅನ್ನಲಿ ಬಿಡಿ.

ಒಂದು ಸಲ ಹೆಣ್ಣು ನೋಡಲು ಬಂದ ಪರವೂರಿನವರು, ಹೆಣ್ಣು ಒಪ್ಪಿಗೆಯಾಗದಿದ್ದರೂ ಉಪ್ಪಿಟ್ಟು ತಿಂದ ದಾಕ್ಷಿಣ್ಯಕ್ಕೆ "ಬರ್ತೀವಿ, ಬರ್ತೀವಿ, ಖಂಡಿತ ಬರ್ತೀವಿ" ಎಂದು ಮೂರು ಸಲ ಹೇಳಿ ಹೋದರು. ಮೂರು ಸಲ ಬಂದರು. ಮೂರನೆಯ ಸಲಕ್ಕೆ ಅವರಿಗೂ ನಾಚಿಕೆಯಾಗಿ ಮದುವೆಯೇ ಗೊತ್ತಾಯಿತು. ಈಗ ಎರಡು ಮಕ್ಕಳು. ದಿನ ಹೇಳದೆ ಬರೀ "ಬರ್ತೀನಿ" ಅಂದರೆ ಅದಕ್ಕೆ ಗಡುವಿಲ್ಲ. ಹಾರ್ಮೋನಿಯಂ ಮೇಷ್ಟ್ರೊಬ್ಬರು ಟೀ ಅಂಗಡಿಯವನಿಗೆ ಹಾಗೆ ಹೇಳಿ ಹೋದವರು ಹತ್ತೊಂಬತ್ತು ವರ್ಷದ ಮೇಲೆ ಬಂದರು, ಅಷ್ಟರಲ್ಲಿ ಅಂಗಡಿ ಸೈಕಲ್ ಶಾಪಾಗಿತ್ತು. ಇನ್ನು ಪೋಸ್ಟ್ ಆಫೀಸಿನ ಶೇಷಾಚಲಯ್ಯನವರ ಕಥೆಯನ್ನಂತೂ ನಮ್ಮೂರಿನಲ್ಲಿ ಯಾರೂ ಮರೆತಿಲ್ಲ. ಕ್ಷೌರಿಕನಿಗೆ "ನಾಳೆ ಬರ್ತೀನಿ" ಅಂದಿದ್ದರು. ಅವತ್ತೇ ತೀರಿಕೊಂಡರು. ಮಾರನೆಯ ದಿನ ಚಟ್ಟ ಹೊತ್ತ ನಾಲ್ವರ ಕಾಲೂ ಕ್ಷೌರದಂಗಡಿ ಮುಂದೆ ಕಚ್ಚಿಕೊಂಡು ನಿಂತವು. ಅವನು ಹೊರಗೆ ಬಂದು ಕೈ ಮುಗಿದ ಮೇಲೆಯೇ ಹೆಜ್ಜೆ ಕಿತ್ತದ್ದು. ಬರ್ತೀನಿ ಅಂದಿದ್ದರು, ಬಂದರು. ಹೇಗೆ ಬರ್ತೀನಿ ಎಂದು ಹೇಳಿರಲಿಲ್ಲ, ಅಷ್ಟೆ.

ನಮ್ಮ ಯಜಮಾನರಿಗೆ ಈ ಕಟ್ಟಳೆಯಿಂದ ಒಂದು ದಿನವೂ ತೊಂದರೆಯಾದದ್ದಿಲ್ಲ. ಎಲ್ಲಿಗಾದರೂ ಹೋದರೆ ತಾನೇ ಬರುವ ಮಾತು? ಅವರ ಹೆಸರನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಸ್ವಲ್ಪ ತಡೆಯಿರಿ, ಫೋನೇ ಹೇಳುತ್ತದೆ. ನಮ್ಮದು ಉಪ್ಪಿನಕಾಯಿ ಮನೆ. ಮಿಡಿ ತರುವವರು ತರುತ್ತಾರೆ, ಕೊಳ್ಳುವವರು ಬಂದು ಕೊಳ್ಳುತ್ತಾರೆ. ನಡುವೆ ಇವರು ಜಾಡಿಗಳ ಮುಂದೆ ಹಲಸಿನ ಮಣೆಯ ಮೇಲೆ ಕೂತಿರುತ್ತಾರೆ. ಒಂದೊಂದು ಜಾಡಿಯಿಂದಲೂ ರಸ ತೆಗೆದು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ ಉಪ್ಪು" ಅನ್ನುತ್ತಾರೆ. ಮೂವತ್ತಾರು ವರ್ಷದಿಂದ ನಾನು ಕೇಳಿದ ಮಾತು ಅದೊಂದೇ ಅಂದರೆ ಸುಳ್ಳಲ್ಲ. ಮಣೆಯಿಂದ ಊಟಕ್ಕೆ, ಊಟದಿಂದ ಮಂಚಕ್ಕೆ, ಮಂಚದಿಂದ ಮಣೆಗೆ. ಮನೆಯ ಹಿತ್ತಿಲಿಗೆ ಹೊಸ ಬೇಲಿ ಹಾಕಿಸಿ ಎಂಟು ತಿಂಗಳಾದ ಮೇಲೆ ಒಂದು ದಿನ "ಇದ್ಯಾವಾಗ ಹಾಕ್ಸಿದ್ದೇ?" ಎಂದು ಕೇಳಿದ ಪುಣ್ಯಾತ್ಮರು.

ಹೀಗಿರುವಾಗ ಆರೋಗ್ಯ ಕೇಂದ್ರಕ್ಕೆ ನಸೀಮಾ ಸಿಸ್ಟರ್ ವರ್ಗವಾಗಿ ಬಂದರು. ಪಾಪ, ಹೊಸಬರು. ಮೊದಲ ದಿನವೇ ಹದಿನಾಲ್ಕು ಮನೆಗೆ ಹೋಗಿ, ಹದಿನಾಲ್ಕು ಮನೆಯಲ್ಲೂ "ನಾಳೆ ಬರ್ತೀನಮ್ಮಾ" ಅಂದುಬಿಟ್ಟರು. ಮಾರನೆಯ ದಿನ ಹಲ್ಲುಜ್ಜುವ ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ಹದಿನಾಲ್ಕು ಮನೆ ಸುತ್ತಿದರು. ಅವತ್ತಿನಿಂದ ಅವರೂ "ಸರಿ ಮತ್ತೆ"ಗೆ ಬಂದರು. ನಮ್ಮ ಮನೆಗೆ ಬಂದಾಗ ಇವರ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿ, "ನೂರ ಎಪ್ಪತ್ತೆಂಟು" ಅಂದರು.

"ಪರವಾಗಿಲ್ಲ ಅಲ್ವಾ? ನಾನು ಸ್ಕೂಲಲ್ಲಿ ಯಾವತ್ತೂ ನೂರು ದಾಟಿರ್ಲಿಲ್ಲ" ಅಂದರು ನಮ್ಮವರು.

ಸಿಸ್ಟರ್ ನಗಲಿಲ್ಲ. ದಿನಾ ಒಂದು ಮಾತ್ರೆ, ಉಪ್ಪು ಕಡಿಮೆ, ಮೂರು ಸಾವಿರ ಹೆಜ್ಜೆ ನಡಿಗೆ ಎಂದು ಹೇಳಿ, ಇವರ ಮಣಿಕಟ್ಟಿಗೆ ಗಡಿಯಾರದಂಥ ಒಂದು ಕರಿ ಪಟ್ಟಿ ಕಟ್ಟಿ, ಕೈಗೊಂದು ಮೊಬೈಲು ಕೊಟ್ಟರು. ಅದರೊಳಗೆ "ಎದೆಗಾವಲು" ಎಂಬ ಆ್ಯಪ್ ಇತ್ತು. ಪಟ್ಟಿ ಎದೆಬಡಿತ, ಹೆಜ್ಜೆ ಎರಡನ್ನೂ ಎಣಿಸುವುದು, ಫೋನು ಬುದ್ಧಿ ಹೇಳುವುದು, ಏನಾದರೂ ಹೆಚ್ಚುಕಡಿಮೆಯಾದರೆ ಆರೋಗ್ಯ ಕೇಂದ್ರಕ್ಕೆ ತಾನೇ ಕರೆ ಮಾಡುವುದು. ಉಪ್ಪಿನಕಾಯಿ ಮಾಡುವವನಿಗೆ ಉಪ್ಪು ಬಿಡು ಅಂದರೆ ಮೀನಿಗೆ ನೀರು ಬಿಡು ಅಂದಂತೆ. ಇವರು ಮಾತ್ರೆಯನ್ನೇನೋ ನುಂಗಿದರು, ಉಳಿದದ್ದನ್ನು ನುಂಗಲಿಲ್ಲ.

ಮಾರನೆಯ ಬೆಳಗ್ಗೆ ಫೋನಿನಿಂದ ಹೆಣ್ಣುದನಿಯೊಂದು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ತಿದ್ದಿದ ಕನ್ನಡದಲ್ಲಿ, "ನಮಸ್ಕಾರ ತಿಮ್ಮರಾಜಪ್ಪ ಅವರೇ. ನೀವು ಬಹಳ ಹೊತ್ತಿನಿಂದ ಕುಳಿತಿದ್ದೀರಿ. ದಯವಿಟ್ಟು ನಡೆಯಿರಿ" ಅಂದಿತು. ನೋಡಿ, ಹೆಸರು ಹೇಳಿತು. ನಾನಲ್ಲ.

ಇವರ ಮುಖ ಕೆಂಪಾಯಿತು. "ನಡೆಯಿರಿ ಅಂದ್ರೆ? ನನ್ ಮನೇಲಿ ಕೂತ್ಕೊಂಡು ನಂಗೇ ನಡಿ ಆಚೆ ಅಂತಾಳಲ್ಲ ಇವ್ಳು. ಯಾರಪ್ಪನ ಮನೆ ಇದು?"

"ರೀ, ಓಡಾಡಿ ಅಂತ ಹೇಳ್ತಿರೋದು" ಅಂದೆ.

"ದಯವಿಟ್ಟು ಅಂತ ಬೇರೆ. ಕಾಲಿಗೆ ಬಿದ್ದು ಕತ್ತು ಹಿಡಿದು ದಬ್ಬೋ ಜಾತಿ" ಅಂದರು.

ದಿನಕ್ಕೆ ಹತ್ತು ಸಲ ಇದೇ. ಸಂಜೆಯಾದರೆ "ಇಂದು ನೀವು ನೂರ ಹನ್ನೆರಡು ಹೆಜ್ಜೆ ನಡೆದಿದ್ದೀರಿ. ನಾಳೆ ಮತ್ತೆ ಬರುತ್ತೇನೆ" ಅನ್ನುವುದು, ಸುಮ್ಮನಾಗುವುದು. ಪಟ್ಟಣದಲ್ಲಿ ಕೂತು ಆ ಮಾತನ್ನು ತುಂಬಿಸಿದವರಿಗೆ ನಮ್ಮೂರಿನ ವಿಷಯ ಏನು ಗೊತ್ತು? ಇವರಿಗೆ ತಲೆಕೆಟ್ಟು ಫೋನನ್ನೂ ಪಟ್ಟಿಯನ್ನೂ ಚೀಲಕ್ಕೆ ಹಾಕಿ ಮಿಡಿ ತರುವವನ ಗಾಡಿಯಲ್ಲಿ ಸಾಗಿಸಿಬಿಟ್ಟರು. ಮಾರನೆಯ ಮಧ್ಯಾಹ್ನ ಗಾಡಿಯವನು ನಾಲ್ಕು ಮೈಲಿ ಬಿಸಿಲಲ್ಲಿ ನಡೆದು ಬಂದು, ಬೆವರು ಒರೆಸಿಕೊಳ್ಳುತ್ತ, "ಯಾಕೆ ಬಂದೆನೋ ಗೊತ್ತಿಲ್ಲ ಕಣಮ್ಮ, ಚೀಲ ಎಳ್ಕೊಂಡು ಬಂತು" ಎಂದು ಇವರ ಕಾಲ ಬುಡದಲ್ಲಿ ಚೀಲ ಇಟ್ಟ. "ನಮಸ್ಕಾರ ತಿಮ್ಮರಾಜಪ್ಪ ಅವರೇ" ಅಂದಿತು ಚೀಲ.

ಊರಿನಲ್ಲಿ ದೊಡ್ಡ ಚರ್ಚೆಯಾಯಿತು. "ಬರ್ತೀನಿ"ಗೆ ಇರುವ ಕಟ್ಟಳೆ ಗ್ರಂಥದ "ಬರುತ್ತೇನೆ"ಗೂ ಉಂಟೇ ಎಂದು ಒಬ್ಬರು, ಕಾಲೇ ಇಲ್ಲದ್ದಕ್ಕೆ ಕಟ್ಟಳೆ ಏನು ಎಂದು ಇನ್ನೊಬ್ಬರು. ಕನ್ನಡ ಮೇಷ್ಟ್ರು ಎರಡೂ ಒಂದೇ ಕ್ರಿಯಾಪದ ಎಂದು ತೀರ್ಪು ಕೊಟ್ಟರು. ನಮ್ಮವರಿಗೆ ನಂಬಿಕೆ ಬರದೆ ಪರೀಕ್ಷೆ ಮಾಡಲು ಫೋನನ್ನು ಬಾವಿಗೆ ಹಾಕಿದರು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಮಾರನೆಯ ದಿನ ನಾನು ಸೇದಿದ ಮೊದಲ ಬಿಂದಿಗೆಯಲ್ಲೇ ಬಂದಳು. ಅವಳ ಗಂಟಲು ಸ್ವಲ್ಪ ಕಟ್ಟಿತ್ತು, ಆದರೆ "ದಯವಿಟ್ಟು ನಡೆಯಿರಿ" ಮಾತ್ರ ಸ್ಪಷ್ಟವಾಗಿತ್ತು.

ಅಲ್ಲಿಂದ ಮುಂದೆ ಮೋಸ ಶುರುವಾಯಿತು. ಒಂದು ಬೆಳಗ್ಗೆ ಫೋನು "ಶಭಾಷ್, ನೀವು ಆರು ಸಾವಿರ ಹೆಜ್ಜೆ ನಡೆದಿದ್ದೀರಿ" ಅಂದಾಗ ನನಗೆ ಎದೆ ತುಂಬಿ ಬಂತು. ಅಂತೂ ದೇವರು ಕಣ್ಣುಬಿಟ್ಟ ಎಂದು ಹೊರಗೆ ಬಂದು ನೋಡಿದರೆ ಇವರು ಮಣೆಯ ಮೇಲೆಯೇ ಇದ್ದಾರೆ, ಅಂಗೈ ನೆಕ್ಕುತ್ತಿದ್ದಾರೆ. ಮಣಿಕಟ್ಟು ಬರಿದು. ನಾನು ಬಾಯಿ ತೆರೆಯುವುದರೊಳಗೆ ಫೋನು ಬೇರೆಯೇ ದನಿಯಲ್ಲಿ, "ತಿಮ್ಮರಾಜಪ್ಪ ಅವರೇ, ನಿಮ್ಮ ಎದೆಬಡಿತ ಇನ್ನೂರ ತೊಂಬತ್ತು. ಗಾಬರಿಯಾಗಬೇಡಿ. ಸಹಾಯ ಬರುತ್ತಿದೆ" ಅಂದಿತು. ಐದು ನಿಮಿಷಕ್ಕೆ ಕೂಗು ಹಾಕಿಕೊಂಡು ಆಂಬುಲೆನ್ಸು ಬಂತು. ಡ್ರೈವರ್ ಹಾಲೇಶ ಸ್ಟ್ರೆಚರ್ ಇಳಿಸಿದ. ನಸೀಮಾ ಸಿಸ್ಟರ್ ಓಡಿ ಬಂದು ಇವರ ನಾಡಿ ಹಿಡಿದರು, ಅದು ತಣ್ಣಗೆ ಹೊಡೆದುಕೊಳ್ಳುತ್ತಿತ್ತು. "ಪಟ್ಟಿ ಎಲ್ಲಿ?" ಅಂದರು. ಅಷ್ಟರಲ್ಲಿ ನಮ್ಮ ಕೆಂಪು ಕೋಳಿ ಪಟ್ಟಿ ಕಟ್ಟಿಕೊಂಡ ಕಾಲನ್ನು ಎತ್ತಿ ಎತ್ತಿ ಇಡುತ್ತ ನಡುಮನೆಗೇ ಬಂತು. ಹಾಲೇಶ ಸ್ಟ್ರೆಚರ್ ನೋಡಿದ, ಕೋಳಿ ನೋಡಿದ. "ಯಾರನ್ನ ಮಲಗಿಸ್ಲಿ ಸಿಸ್ಟರ್?" ಅಂದ.

ನಾನು ಇವರಿಗೆ ಮಂಗಳಾರತಿ ಎತ್ತಿದೆ. ಸಿಸ್ಟರ್ ಬೈಯಲಿಲ್ಲ. ಕೋಳಿಯ ಕಾಲಿನಿಂದ ಪಟ್ಟಿ ಬಿಚ್ಚಿ ಒರೆಸಿ, ಇವರ ಎದುರಿಗೆ ನೆಲದ ಮೇಲೆ ಕೂತು, "ನಡೆಯೋಕೆ ಏನು ಕಷ್ಟ ಯಜಮಾನ್ರೇ?" ಎಂದು ಕೇಳಿದರು. ಇವರು ಒಂದು ಜಾಡಿಯ ಬಟ್ಟೆ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಮೆಲ್ಲಗೆ, "ನಮ್ಮಪ್ಪ ಐವತ್ತೆಂಟಕ್ಕೆ ಹೋದ್ರು ತಾಯಿ. ನಮ್ಮಣ್ಣನೂ ಐವತ್ತೆಂಟಕ್ಕೇ. ಹಿಂಗ್ ಎದೆ ಹಿಡ್ಕೊಂಡ್ರು, ಹೋದ್ರು. ಯುಗಾದಿಗೆ ನಂಗೆ ಐವತ್ತೆಂಟು ತುಂಬ್ತು. ನಡೆದ್ರೂ ಅಷ್ಟೇ, ಕೂತ್ರೂ ಅಷ್ಟೇ" ಅಂದರು.

ಸೋಮಾರಿತನ ಅಂದುಕೊಂಡಿದ್ದೆ, ಹೆದರಿಕೆ ಎಂದು ನನಗೆ ಹೊಳೆದೇ ಇರಲಿಲ್ಲ. ಒಂದೇ ಮಂಚದ ಮೇಲೆ ಮಲಗುವ ಮನುಷ್ಯ ಇಷ್ಟು ದಿನ ಒಬ್ಬನೇ ಹೆದರಿಕೊಂಡಿದ್ದಾನೆ.

ಸಿಸ್ಟರ್ ಕೇಳಿದರು, "ನಿಮ್ಮಪ್ಪ ಏನು ಕೆಲಸ ಮಾಡ್ತಿದ್ರು?"

"ಉಪ್ಪಿನಕಾಯಿ."

"ಅಣ್ಣ?"

"ಉಪ್ಪಿನಕಾಯಿ."

"ಎಲ್ಲಿ ಕೂತ್ಕೊಂಡು?"

"ಇದೇ ಮಣೆ ಮೇಲೆ."

ಸಿಸ್ಟರ್ ಮಣೆಯನ್ನು ನೋಡಿದರು. ನಾನೂ ನೋಡಿದೆ. ಅವರು "ಸರಿ ಮತ್ತೆ" ಎಂದು ಎದ್ದು ಹೋದರು. ಮಾರನೆಯ ಬೆಳಗ್ಗೆ ಇವರು ಏಳುವುದರೊಳಗೆ ನಾನು ಆ ಮಣೆಯನ್ನು ಸೀಳಿ ಸ್ನಾನದ ಒಲೆಗೆ ಹಾಕಿದೆ. ಹಲಸಿನ ಕಟ್ಟಿಗೆ, ನೀರು ಚೆನ್ನಾಗಿ ಕಾಯಿತು. "ಮಣೆ ಎಲ್ಲೇ?" ಎಂದು ಕೇಳಿದರು. "ನಿಮ್ ತಲೆ ಮೇಲೆ ಸುರ್ಕೊಂಡ್ರಲ್ಲ ಈಗ" ಅಂದೆ.

ಮಣೆ ಹೋದರೂ ನಡಿಗೆ ಬರಲಿಲ್ಲ, ನೆಲದ ಮೇಲೆ ಕೂತರು. ನಡಿಗೆ ಬಂದದ್ದು ಸಾಕಕ್ಕನಿಂದ. ಸಾಕಕ್ಕ ಇವರ ಅಕ್ಕ, ನನಗೆ ಅತ್ತಿಗೆ. ಕೆರೆ ಏರಿಯ ಆಚೆ ತುದಿಯಲ್ಲಿ, ಒಂದೂವರೆ ಮೈಲಿ ದೂರದಲ್ಲಿ ಒಬ್ಬಳೇ ಇದ್ದಾಳೆ. ಕಿವಿ ಮಂದ. ವರ್ಷಕ್ಕೊಂದು ಸಲ ಗೌರಿಹಬ್ಬದ ಬಾಗಿನ ಕೊಡಲು ಇವರು ಹೋಗಲೇಬೇಕು, ಗಾಡಿಯಲ್ಲಿ ಹೋಗಿ ಗಾಡಿಯಲ್ಲಿ ಬರುತ್ತಿದ್ದರು. ಆ ವರ್ಷ ನಾನೂ ಜೊತೆಗಿದ್ದೆ. ಬಾಗಿನ ಕೊಟ್ಟು ಹೊರಡುವಾಗ ಇವರು "ಸರಿ ಮತ್ತೆ" ಅಂದರು.

"ಆಂ?" ಅಂದಳು ಸಾಕಕ್ಕ.

"ಸರಿ ಮತ್ತೆ ಅಂದೆ."

"ಮತ್ತೆ ಏನು? ಮತ್ತೆ ಯಾವಾಗ ಬರ್ತೀಯೋ?"

"ಅಯ್ಯೋ, ಸರಿ ಮತ್ತೇ ಅಂತ."

"ನಾಳೆ ಬರ್ತೀಯಾ?"

ಬಾಗಿಲಲ್ಲಿ ಗಾಡಿ ಕಾಯುತ್ತಿತ್ತು. ಬಿಸಿಲು ಬೇರೆ. ಇವರಿಗೆ ರೇಗಿಹೋಯಿತು. "ಹೂಂ ಮಾರಾಯ್ತಿ, ಬರ್ತೀನಿ. ನಾಳೆ ಯಾಕೆ, ದಿನಾ ಬರ್ತೀನಿ" ಎಂದು ಕೆರೆಯ ಆಚೆ ದಡಕ್ಕೆ ಕೇಳುವ ಹಾಗೆ ಕೂಗಿದರು. ಕೂಗಿದವರು ಹಾಗೇ ಬಾಯಿ ತೆರೆದುಕೊಂಡೇ ನಿಂತರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತಾರು ವರ್ಷದ ಸಂಸಾರದಲ್ಲಿ ನನಗೆ ಒಂದು ಸಲವೂ ಹೇಳದ ಮಾತನ್ನು ಅಕ್ಕನಿಗೆ ಹೇಳಿದರಲ್ಲ ಎಂದು ನನಗೆ ಹೊಟ್ಟೆಯುರಿಯೂ ಆಯಿತು, ನಗುವೂ ಬಂತು. ಸಾಕಕ್ಕನಿಗೆ ಅದು ಮಾತ್ರ ಚೆನ್ನಾಗಿ ಕೇಳಿಸಿತ್ತು. "ಹಂಗಾದ್ರೆ ದಿನಾ ಸೌತೆಕಾಯಿ ಹೆಚ್ಚಿಟ್ಟಿರ್ತೀನಿ" ಅಂದಳು.

ಮಾರನೆಯ ದಿನ ಸಂಜೆ ನಾಲ್ಕಕ್ಕೆ ಇವರ ಕಾಲು ಎದ್ದಿತು. ಇವರು ಇನ್ನೂ ಕೂತೇ ಇದ್ದರು, ಕಾಲು ಎದ್ದು ಬಾಗಿಲು ದಾಟಿತು, ಹಿಂದೆಯೇ ಇವರು ಹೋದರು. ಏರಿಯ ಮೇಲೆ ಮೊದಲ ವಾರ ಬೈದುಕೊಂಡೇ ನಡೆದರಂತೆ. ಎರಡನೆಯ ವಾರ ಉಸಿರು ಉಳಿಸಿಕೊಳ್ಳಲು ಬೈಗುಳ ಬಿಟ್ಟರು. ಮೂರನೆಯ ವಾರ ಮನೆಗೆ ಬಂದು, "ಲೇ, ಕೆರೇಲಿ ಬಾತುಕೋಳಿ ಇದಾವೆ, ಗೊತ್ತೇನೇ ನಿಂಗೆ?" ಎಂದು ಕೇಳಿದರು. ಈ ಊರಿನಲ್ಲೇ ಹುಟ್ಟಿದವರು. ಫೋನಿಗಂತೂ ಖುಷಿಯೋ ಖುಷಿ. ನೂರ ಅರವತ್ತು, ನೂರ ಐವತ್ತೆರಡು, ನೂರ ನಲವತ್ತು ಎಂದು ವಾರವಾರವೂ ಸಿಸ್ಟರ್ ಅಳೆದು ಹೇಳುತ್ತಿದ್ದರು. ರಸ ನೆಕ್ಕುವ ಕೆಲಸವನ್ನು ನಾನು ಕಸಿದುಕೊಂಡೆ. ಇವರು ಮೂಸಿ ನೋಡುತ್ತಿದ್ದರು. ಮೂಗಿಗೆ ಉಪ್ಪು ಗೊತ್ತಾಗುತ್ತದೆಯೇ ಎಂದು ನಾನು ತಮಾಷೆ ಮಾಡಿದರೆ, "ನಿನ್ ನಾಲಿಗೆಗಿಂತ ನನ್ ಮೂಗು ವಾಸಿ" ಅನ್ನುತ್ತಿದ್ದರು. ಇಷ್ಟು ಮಾತಾಡುವ ಗಂಡ ನನಗಿದ್ದಾನೆಂದು ಮೊದಲ ಸಲ ತಿಳಿದದ್ದು.

ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಐವತ್ತೆಂಟು ಮುಗಿಯಲು ಇನ್ನೆರಡು ತಿಂಗಳಿತ್ತು. ಒಂದು ಬೆಳಗ್ಗೆ ನಾವಿಬ್ಬರೂ ನೆಲ್ಲಿಕಾಯಿ ಜಾಡಿಗಳಿಗೆ ಬಟ್ಟೆ ಕಟ್ಟುತ್ತಿದ್ದೆವು. ಫೋನು ಆ ಹಳೆಯ ದನಿಯಲ್ಲಿ, ಕೋಳಿಯ ದಿನ ಬಂದಿತ್ತಲ್ಲ ಆ ದನಿಯಲ್ಲಿ, "ತಿಮ್ಮರಾಜಪ್ಪ ಅವರೇ, ನಿಮ್ಮ ಎದೆಬಡಿತದಲ್ಲಿ ಏರುಪೇರು ಇದೆ. ಅಲುಗಾಡಬೇಡಿ. ಸಹಾಯ ಬರುತ್ತಿದೆ" ಅಂದಿತು. ನಾನು ಮೊದಲು ನೋಡಿದ್ದು ಮಣಿಕಟ್ಟನ್ನು. ಪಟ್ಟಿ ಅಲ್ಲೇ ಇತ್ತು. ಕೋಳಿ ಅಂಗಳದಲ್ಲಿ ಕೆದಕುತ್ತಿತ್ತು.

"ಗ್ಯಾಸು ಕಣೇ. ನಿನ್ನೆ ಅವರೇಕಾಳು ಜಾಸ್ತಿ ಆಯ್ತು. ಒಂದು ಲೋಟ ಮಜ್ಜಿಗೆ ಕೊಡು, ಮಲಗಿ ಏಳ್ತೀನಿ" ಅಂದರು. ಹಣೆಯಲ್ಲಿ ಬೆವರು ಹನಿಯಾಗಿ ನಿಂತಿತ್ತು.

ಮಜ್ಜಿಗೆ ಕೊಡಲಿಲ್ಲ. ಕೈ ಹಿಡಿದುಕೊಂಡು ಕೂತೆ. ಆಮೇಲೆ ತಿಳಿಯಿತು, ಅತ್ತ ಆರೋಗ್ಯ ಕೇಂದ್ರದಲ್ಲಿ ಹಾಲೇಶ "ಈ ಸಲ ಕೋಳಿನಾ, ಯಜಮಾನ್ರಾ?" ಎಂದು ಕೇಳಿದನಂತೆ. ಸಿಸ್ಟರ್ "ಕೋಳಿಯಾದ್ರೂ ಸರಿ, ನಡಿ" ಅಂದರಂತೆ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಸಿಸ್ಟರ್ ಇವರ ಬಾಯಿಗೆ ಮಾತ್ರೆ ಹಾಕಿ, ಮೂಗಿಗೆ ಗಾಳಿಯ ನಳಿಕೆ ಇಟ್ಟು, ಸ್ಟ್ರೆಚರ್ ಒಳಗೆ ಸೇರಿಸಿದರು. ದೊಡ್ಡಾಸ್ಪತ್ರೆ ಎಂಟು ಮೈಲಿ. ನಾನು ಸೆರಗು ಸಿಕ್ಕಿಸಿಕೊಂಡು ಹತ್ತಲು ಹೋದರೆ ಸಿಸ್ಟರ್ ತಡೆದರು. "ಅಮ್ಮಾ, ಜೊತೆಗೆ ಒಬ್ರಿಗೇ ಜಾಗ. ಸಾಕಕ್ಕನ್ನ ಕರ್ಕೋಬೇಕು."

"ಹೆಂಡ್ತಿ ನಾನು" ಅಂದೆ.

"ಗೊತ್ತಮ್ಮಾ. ಆದ್ರೆ ನಾಲ್ಕು ಗಂಟೆಗೆ ಇವ್ರ ಕಾಲು ಏಳುತ್ತೆ. ಆಪರೇಷನ್ ಟೇಬಲ್ಲಿಂದ ಎದ್ದು ನಡೆದ್ರೆ ನಾನೇನ್ ಮಾಡ್ಲಿ? ಅವರಕ್ಕ ಎದುರಿಗಿದ್ರೆ ಮಾತು ಅಲ್ಲೇ ತೀರುತ್ತೆ."

ನ್ಯಾಯವಾದ ಮಾತು. ಅಕ್ಕನಿಗೆ ಮಾತು ಕೊಟ್ಟಿದ್ದರಿಂದ ಅಕ್ಕ ಹೋಗುತ್ತಾಳೆ, ಇವರಿಗೆ ಮಾತು ಕೊಟ್ಟಿದ್ದರಿಂದ ಫೋನೂ ಹೋಗುತ್ತದೆ, ತಾಳಿ ಕಟ್ಟಿಸಿಕೊಂಡವಳು ಮನೆಯಲ್ಲಿ. ನಾನು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ರೀ, ನಂಗೊಂದು ಮಾತು ಹೇಳಿ ಹೋಗಿ" ಅಂದೆ.

ಇವರು ನನ್ನನ್ನು ನೋಡಿದರು. "ಸರಿ ಮತ್ತೆ" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು. "ಸರಿ ಮತ್ತೆ ಅಂತೆ. ಮೂವತ್ತಾರು ವರ್ಷ ನಿಮ್ ಜೊತೆ ಉಪ್ಪಲ್ಲಿ ಊರಿದ್ದು ಇದಕ್ಕಾ? ಬರ್ತೀನಿ ಅನ್ನಿ."

"ಬರ್..." ಅಂದರು. ಅಷ್ಟರಲ್ಲಿ ನನಗೆ ಶೇಷಾಚಲಯ್ಯನವರ ಚಟ್ಟ ಕಣ್ಣಿಗೆ ಕಟ್ಟಿ, ಗಬಕ್ಕನೆ ಇವರ ಬಾಯಿ ಮುಚ್ಚಿದೆ. ಸಿಸ್ಟರ್ ಗಾಬರಿಯಾಗಿ ನನ್ನ ಕೈ ಕಿತ್ತರು. "ಬರೀ ಬರ್ತೀನಿ ಬೇಡ. ಹೆಂಗ್ ಬರ್ತೀರಾ, ಅದನ್ನೂ ಸೇರಿಸಿ ಹೇಳಿ" ಅಂದೆ.

ಇವರಿಗೆ ಅರ್ಥವಾಯಿತು. ನಳಿಕೆಯ ಅಡಿಯಲ್ಲಿ ಮೀಸೆ ಸ್ವಲ್ಪ ಅಲುಗಿತು. "ನಡ್ಕೊಂಡೇ ಬರ್ತೀನಿ ಕಣೇ" ಅಂದರು.

ಬಾಗಿಲು ಮುಚ್ಚಿತು, ಗಾಡಿ ಹೋಯಿತು. ಧೂಳು ಅಡಗಿದ ಮೇಲೆ ನನಗೆ ಹೊಳೆಯಿತು: ದಿನ ಹೇಳಿಸಿಕೊಂಡಿರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಹತ್ತೊಂಬತ್ತು ವರ್ಷ ತೆಗೆದುಕೊಂಡಿದ್ದರು. ಹಣೆ ಹಣೆ ಚಚ್ಚಿಕೊಂಡೆ. ಬರಲಿ, ಎಪ್ಪತ್ತೇಳಕ್ಕಾದರೂ ನಡೆದುಕೊಂಡು ಬರಲಿ ಎಂದು ಆಮೇಲೆ ಸಮಾಧಾನ ಮಾಡಿಕೊಂಡೆ.

ಮಾರನೆಯ ದಿನ ಬಸ್ಸು ಹಿಡಿದು ಹೋಗಿಬಿಡೋಣ ಎಂದು ಸೀರೆ ಉಟ್ಟೆ. ಬಾಗಿಲ ತನಕ ಹೋದವಳು ನಿಂತೆ. ಸಿಸ್ಟರ್ ಹೇಳಿದ ಮಾತು ನೆನಪಾಯಿತು: ಎದುರಿಗಿದ್ದರೆ ಮಾತು ಅಲ್ಲೇ ತೀರುತ್ತದೆ. ನಾನು ಹೋಗಿ ಅವರ ಮುಂದೆ ನಿಂತರೆ, ಆ "ನಡ್ಕೊಂಡೇ ಬರ್ತೀನಿ" ಅಲ್ಲಿಗೇ ಮುಗಿಯಿತು. ಆಮೇಲೆ ಅವರನ್ನು ಹಿಡಿದಿಡುವುದು ಯಾವುದು? ಸೀರೆ ಬಿಚ್ಚಿ ಮಡಿಸಿಟ್ಟೆ. ನೋಡಬೇಕೆಂದಿದ್ದರೂ ನೋಡದೆ ಉಳಿದೆ. ದಿನಾ ಬೆಳಗ್ಗೆ ಆರೋಗ್ಯ ಕೇಂದ್ರಕ್ಕೆ ನಡೆದು ಹೋಗುತ್ತಿದ್ದೆ. ಸಿಸ್ಟರ್ ತಮ್ಮ ಫೋನಿನಲ್ಲಿ ಇವರ ಪಟ್ಟಿಯ ಲೆಕ್ಕ ನೋಡಿ ಹೇಳುತ್ತಿದ್ದರು: ಎಂಬತ್ತೊಂದು, ಎಪ್ಪತ್ತಾರು, ಎಪ್ಪತ್ತೆರಡು. ಎದೆಯ ನಾಳ ಕಟ್ಟಿಕೊಂಡಿತ್ತಂತೆ. ಕೈಯ ನಾಳದಿಂದಲೇ ತಂತಿ ತೂರಿಸಿ ಬಿಡಿಸಿ ಸ್ಟೆಂಟ್ ಇಟ್ಟರಂತೆ. "ಇನ್ನೆರಡು ಗಂಟೆ ತಡ ಆಗಿದ್ರೆ..." ಎಂದು ಸಿಸ್ಟರ್ ನಿಲ್ಲಿಸಿದರು. ಮಜ್ಜಿಗೆ ಕುಡಿದು ಮಲಗಿದ್ದರೆ ಎಂದು ನಾನು ಮನಸ್ಸಿನಲ್ಲೇ ಮುಗಿಸಿಕೊಂಡೆ. ಪ್ರತಿದಿನ ನಾಲ್ಕು ಗಂಟೆಗೆ ಹೊದಿಕೆಯೊಳಗೆ ಕಾಲು ನಡೆಯಲು ಶುರುಮಾಡುತ್ತಿತ್ತಂತೆ, ಸಾಕಕ್ಕ ಒಳಗೆ ಬಂದು "ಆಂ?" ಅಂದ ಕೂಡಲೇ ನಿಲ್ಲುತ್ತಿತ್ತಂತೆ. ದೊಡ್ಡ ಡಾಕ್ಟರು ಅದನ್ನು ಬರೆದುಕೊಂಡಿದ್ದಾರಂತೆ.

ಹತ್ತನೆಯ ದಿನ ಆಸ್ಪತ್ರೆಯವರು ಮನೆಗೆ ಹೋಗಬಹುದು ಅಂದರು. ಹಾಲೇಶ ಗಾಡಿ ತಂದು ಬಾಗಿಲು ತೆಗೆದರೆ ಇವರ ಕಾಲು ಹತ್ತಲಿಲ್ಲ. ಆಟೋಗೂ ಇಲ್ಲ, ಬಸ್ಸಿಗೂ ಇಲ್ಲ. ನಡ್ಕೊಂಡೇ ಅಂದ ಮೇಲೆ ನಡ್ಕೊಂಡೇ. ಹಾಲೇಶನ ಜೊತೆ ಹೋಗಿದ್ದ ಸಿಸ್ಟರ್ ನನಗೆ ಫೋನು ಮಾಡಿದರು. "ಅಮ್ಮಾ, ಮಾತು ಹಾಕಿಸ್ಕೊಳ್ಳೋವಾಗ ಸ್ವಲ್ಪ ಯೋಚ್ನೆ ಮಾಡ್ಬಾರ್ದಿತ್ತಾ? ಈಗ ಭಯ ಇಲ್ಲ, ನೀವೇ ಬನ್ನಿ. ಎದುರಿಗೆ ನಿಂತ್ರೆ ಮಾತು ತೀರುತ್ತೆ, ಗಾಡೀಲಿ ಕರ್ಕೊಂಡು ಬರಬಹುದು."

ನಾನು ಮತ್ತೆ ಸೀರೆ ಉಟ್ಟೆ. ಉಡುತ್ತಿರುವಾಗಲೇ ಫೋನು ಮತ್ತೆ ಬಂತು. ಸಿಸ್ಟರ್ ದನಿ ವಿಚಿತ್ರವಾಗಿತ್ತು. "ಯಜಮಾನ್ರು ಬೇಡ ಅಂತಿದ್ದಾರಮ್ಮ. ನಿಮಗೆ ಹೇಳಿ ಅಂದ್ರು: ಬರಬೇಡ ಅನ್ನಿ, ನಾನು ನಡ್ಕೊಂಡೇ ಬರ್ತೀನಿ ಅಂದಿದ್ದೀನಿ."

ದೊಡ್ಡ ಡಾಕ್ಟರು ಬೈದು, ಎದೆ ಪರೀಕ್ಷೆ ಮಾಡಿ, ಮತ್ತೆ ಬೈದು, ದಿನಕ್ಕೆ ಎರಡು ಮೈಲಿಗಿಂತ ಒಂದು ಹೆಜ್ಜೆಯೂ ಹೆಚ್ಚು ಕೂಡದು ಎಂದು ಒಪ್ಪಿದರು. ನಾಲ್ಕು ದಿನದ ದಾರಿ. ಮುಂದೆ ಇವರು, ಹಿಂದೆ ಆಟೋದಲ್ಲಿ ಸಾಕಕ್ಕ, ಅದರ ಹಿಂದೆ ಆಮೆಯ ಹಾಗೆ ಹಾಲೇಶನ ಆಂಬುಲೆನ್ಸು. ರಾತ್ರಿ ತಂಗಿದ ಮನೆಗಳಿಂದ ಹೊರಡುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರಂತೆ, ಅಪ್ಪಿತಪ್ಪಿ ಏನಾದರೂ ಅಂದುಬಿಟ್ಟರೆ ಎಂದು.

ನಾಲ್ಕನೆಯ ದಿನ ಬೆಳಗ್ಗೆಯಿಂದಲೇ ನಾನು ಜಗುಲಿಯ ಮೇಲೆ ಕೂತಿದ್ದೆ. ಬೀದಿಯ ತಿರುವಿನಲ್ಲಿ ಮೊದಲು ಕಾಣಿಸಿದ್ದು ಕಾಲು, ಆಮೇಲೆ ಇವರು. ಸೊರಗಿದ್ದರು. ಗಡ್ಡ ಬೆಳ್ಳಗೆ ಬೆಳೆದಿತ್ತು. ಬಂದು ನನ್ನ ಮುಂದೆ ನಿಂತರು. ನಾನು ಏನೇನೋ ಹೇಳಬೇಕೆಂದು ನಾಲ್ಕು ದಿನದಿಂದ ಜೋಡಿಸಿಕೊಂಡಿದ್ದೆ. ಅಷ್ಟರಲ್ಲಿ ಇವರ ಜೇಬಿನೊಳಗಿಂದ ಫೋನು ಮಾತಾಡಿತು. "ತಿಮ್ಮರಾಜಪ್ಪ ಅವರೇ, ಇಂದು ನೀವು ನಾಲ್ಕು ಸಾವಿರದ ಇನ್ನೂರು ಹೆಜ್ಜೆ ನಡೆದಿದ್ದೀರಿ. ದಯವಿಟ್ಟು ಕುಳಿತುಕೊಳ್ಳಿ."

"ಕೇಳಿದ್ಯಾ? ಅಂತೂ ಇವಳ ಬಾಯಲ್ಲಿ ಒಂದು ಒಳ್ಳೇ ಮಾತು ಬಂತು" ಅಂದರು. ಕೂತರು, ನನ್ನ ಪಕ್ಕದಲ್ಲಿ. ನಾನು ಅವರ ಭುಜಕ್ಕೆ ತಲೆಯಿಟ್ಟು ಬೀದಿಯವರೆಲ್ಲ ನೋಡುವ ಹಾಗೆ ಅತ್ತೆ. ಕೋಳಿ ಬಂದು ಪಟ್ಟಿಯನ್ನು ಒಂದು ಸಲ ಕುಕ್ಕಿ ನೋಡಿ ಹೋಯಿತು.

ಮೊನ್ನೆ ಯುಗಾದಿಗೆ ಇವರಿಗೆ ಐವತ್ತೊಂಬತ್ತು ತುಂಬಿತು. ಬೇವುಬೆಲ್ಲ ತಿಂದು, ಹೋಳಿಗೆಯಲ್ಲಿ ಅರ್ಧ ನನ್ನ ಎಲೆಗೆ ಹಾಕಿ, ಸಂಜೆ ನಾಲ್ಕಕ್ಕೆ ಎದ್ದು ಸಾಕಕ್ಕನ ಮನೆಗೆ ಹೊರಟರು. ಚಪ್ಪಲಿ ಮೆಟ್ಟಿಕೊಂಡವರು ಹೊಸ್ತಿಲ ಹೊರಗೆ ನಿಂತು ತಿರುಗಿದರು. ಕಾಲು ಎಳೆಯುತ್ತಿದ್ದರೂ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ಲೇ" ಅಂದರು. "ದಿನಾ ಬರ್ತೀನಿ ಕಣೇ. ನಿನ್ ಹತ್ರಕ್ಕೆ. ನಡ್ಕೊಂಡೇ."

ಇನ್ನು ಈ ಮಾತಿನಿಂದ ಅವರಿಗೆ ಬಿಡುಗಡೆಯಿಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕಣ್ಣು ಒರೆಸಿಕೊಳ್ಳಲು ಕೈ ತುಂಬ ಉಪ್ಪಾಗಿತ್ತು.

"ಸರಿ ಮತ್ತೆ" ಅಂದೆ.